ಚೆಕ್‌ಪೋಸ್ಟಿನ ಸುದ್ದಿಯಿಂದ ಹಾಟ್‌ಸ್ಪಾಟಿನವರೆಗೆ: ನಮ್ಮ ಲಾರಿಯವರ ಒಂದು ಚರಿತ್ರೆ

1987ರ ಬೇಸಿಗೆಯಲ್ಲಿ ಉಪ್ಪನ ಉಮ್ಮ ತೀರಿಕೊಂಡಾಗ ಉಪ್ಪ ಎಲ್ಲಿದ್ದಾರೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಂಗಳೂರಿನಿಂದ ಬೊಂಬಾಯಿಗೆ ಹೆಂಚಿನ ಲೋಡ್ ಹೋಗಿದೆ, ವಾಪಸು ಬರುವ ದಾರಿಯಲ್ಲಿರಬಹುದು ಎಂದಷ್ಟೇ ಗೊತ್ತು. ಚಿಕ್ಕಪ್ಪ ಸೈಕಲ್ ಹತ್ತಿ ಮಂಜೇಶ್ವರದ ಚೆಕ್‌ಪೋಸ್ಟಿಗೆ ಹೋದರು. ಅಲ್ಲಿ ಸಾಲಾಗಿ ನಿಂತಿದ್ದ ಲಾರಿಗಳಲ್ಲಿ ಉತ್ತರಕ್ಕೆ ಹೋಗುವ ನಾಲ್ಕು ಲಾರಿಗಳನ್ನು ಹುಡುಕಿ, ನಾಲ್ವರು ಡ್ರೈವರರಿಗೂ ಉಪ್ಪನ ಲಾರಿ ನಂಬರ್ ಹೇಳಿ, "ಎದುರು ಸಿಕ್ಕಿದರೆ ಒಂದು ಮಾತು ಹೇಳಿಬಿಡಿ, ಉಮ್ಮ ಹೋದರು" ಎಂದರು. ಮರುದಿನ ಅಂಕೋಲದ ಹತ್ತಿರ ಎದುರಿನಿಂದ ಬಂದ ಲಾರಿಯೊಂದು ಲೈಟ್ ಹೊಡೆದು ಉಪ್ಪನನ್ನು ನಿಲ್ಲಿಸಿತು. ಉಪ್ಪ ಮನೆ ಮುಟ್ಟುವಾಗ ದಫನ ಆಗಿ ಎರಡನೇ ದಿನ.

ಸುದ್ದಿ ತಡವಾಯಿತು ಎಂದು ಉಪ್ಪ ಯಾರನ್ನೂ ದೂರಲಿಲ್ಲ. ಆ ಡ್ರೈವರ್ ಯಾರು ಎಂದು ಮಾತ್ರ ಕೊನೆಯವರೆಗೂ ವಿಚಾರಿಸುತ್ತಿದ್ದರು. ಹೊನ್ನಾವರ ಕಡೆಯವನು ಎಂಬುದಕ್ಕಿಂತ ಹೆಚ್ಚು ತಿಳಿಯಲಿಲ್ಲ.

ಇಂದು ಲಾರಿಯಲ್ಲಿ ಕೂತ ಹುಡುಗ ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತಿ ತನ್ನ ಫೋನಿನ ನೆಟ್ಟನ್ನು ಪಕ್ಕದ ಲಾರಿಯವನಿಗೆ ಕೊಡುತ್ತಾನೆ. ಇದು ಹೊಸತು ಎಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಯಂತ್ರ ಹೊಸತು, ನಿಜ. ಆದರೆ ಹಂಚಿಕೊಳ್ಳುವುದು ಹಳೆಯದು. ನಾನು 1989ರಲ್ಲಿ ಕ್ಲೀನರ್ ಆಗಿ ಲಾರಿ ಹತ್ತಿದವನು, 2021ರಲ್ಲಿ ಡ್ರೈವರ್ ಆಗಿ ಇಳಿದವನು. ಈ ನಡುವೆ ನಾನು ಕಂಡದ್ದನ್ನು ನಮ್ಮ ಮನೆಗಳ ಮಕ್ಕಳಿಗಾಗಿ ಬರೆದಿಡುತ್ತಿದ್ದೇನೆ.

ರಸ್ತೆ ಒಂದೇ, ಸರ್ಕಲ್ ಎರಡು

ಉಪ್ಪಳ, ಮಂಜೇಶ್ವರ, ಕುಂಜತ್ತೂರು ಕಡೆಯ ನಮಗೆ ಪೇಟೆ ಎಂದರೆ ಮಂಗಳೂರು. ಮದುವೆಯ ಬಟ್ಟೆ, ಆಸ್ಪತ್ರೆ, ಕಾಲೇಜು, ಬಂದರಿನ ಕೆಲಸ ಎಲ್ಲ ಅಲ್ಲಿಯೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ತಲಪಾಡಿಯಲ್ಲಿ ಒಂದು ಗಡಿ ಹುಟ್ಟಿತು. ನೆಂಟಸ್ತಿಕೆಗೆ ಅದು ಗಡಿಯಾಗಲಿಲ್ಲ. ಉಳ್ಳಾಲದಿಂದ ಹೆಣ್ಣು ತರುವುದು, ದೇರಳಕಟ್ಟೆಗೆ ಹೆಣ್ಣು ಕೊಡುವುದು ಹಾಗೆಯೇ ನಡೆಯಿತು. ಆದರೆ ಲಾರಿಯವರಿಗೆ ಅದು ಮೊದಲ ದಿನದಿಂದಲೂ ಗಡಿಯೇ. ಪರ್ಮಿಟ್ಟು, ತೆರಿಗೆ, ಗಂಟೆಗಟ್ಟಲೆ ಕಾಯುವ ಸಾಲು.

ಆ ಸಾಲಿಗೆ ಒಂದು ಉಪಯೋಗವೂ ಇತ್ತು. ಲಾರಿಗಳು ನಿಂತಲ್ಲಿ ಸುದ್ದಿ ಕೈ ಬದಲಾಯಿಸುತ್ತಿತ್ತು. ಯಾವ ಘಾಟಿಯಲ್ಲಿ ಗುಡ್ಡ ಜರಿದಿದೆ, ಎಲ್ಲಿ ಡೀಸೆಲ್ ಇಲ್ಲ, ಯಾರ ಮನೆಯಲ್ಲಿ ಹೆರಿಗೆಯಾಯಿತು ಎಂಬುದೆಲ್ಲ ಅಲ್ಲಿ ಗೊತ್ತಾಗುತ್ತಿತ್ತು. ಉತ್ತರದಿಂದ ಬಂದವನು ಉತ್ತರದ ಸುದ್ದಿ ಕೊಟ್ಟು ದಕ್ಷಿಣದ ಸುದ್ದಿ ತೆಗೆದುಕೊಂಡು ಹೋಗುತ್ತಿದ್ದ. ಅದಕ್ಕೆ ದುಡ್ಡಿಲ್ಲ. ಇಂದು ನಾನು ನಿನ್ನ ಸುದ್ದಿ ಮುಟ್ಟಿಸಿದರೆ ನಾಳೆ ನೀನು ಮತ್ತೊಬ್ಬನದ್ದು ಮುಟ್ಟಿಸಬೇಕು, ಇಷ್ಟೇ ಲೆಕ್ಕ.

ಬೂತ್ ಮತ್ತು 'ಪಿ.ಪಿ.' ನಂಬರ್

ಆಪರೇಟರನ ಸಹಾಯವಿಲ್ಲದೆ ದೂರದ ಊರಿಗೆ ನೇರ ನಂಬರ್ ತಿರುಗಿಸುವ ಎಸ್‌ಟಿಡಿ ಸೌಕರ್ಯ ದೇಶದಲ್ಲಿ ಮೊದಲು ಬಂದದ್ದು 1960ರಲ್ಲಿ, ಲಕ್ನೋ ಮತ್ತು ಕಾನ್ಪುರದ ನಡುವೆ. ನಮ್ಮಂಥವರ ಕೈಗೆ ಅದು ಸಿಕ್ಕಿದ್ದು ಎಂಬತ್ತರ ದಶಕದ ಕೊನೆಗೆ, ಹೆದ್ದಾರಿಯ ಬದಿಯಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಎದ್ದ ಮೇಲೆ. ರಾತ್ರಿ ತಡವಾದಷ್ಟೂ ದರ ಇಳಿಯುತ್ತಿತ್ತು. ತೀರಾ ತಡರಾತ್ರಿ ಕಾಲು ದರ. ಹಾಗಾಗಿ ಲಾರಿಯವರು ಊಟ ಮುಗಿಸಿ ಬೂತಿನ ಹೊರಗೆ ಸಾಲು ನಿಲ್ಲುತ್ತಿದ್ದರು. ಒಳಗಿನ ಕೆಂಪು ಅಂಕಿ ಏರುವುದನ್ನು ನೋಡುತ್ತಾ ಮಾತಾಡುವುದು, ಮೂರು ವಾಕ್ಯದಲ್ಲಿ ಸಂಸಾರ ಮುಗಿಸುವುದು.

ಆದರೆ ಮಾತಾಡುವುದು ಯಾರೊಂದಿಗೆ? ಮನೆಯಲ್ಲಿ ಫೋನಿಲ್ಲವಲ್ಲ. ಅದಕ್ಕೆ ಇದ್ದದ್ದು 'ಪಿ.ಪಿ.' ನಂಬರ್. ಮದುವೆಯ ಕಾಗದದಲ್ಲಿ, ಲಾರಿಯ ಬಾಗಿಲಿನಲ್ಲಿ, ಎಲ್ಲ ಕಡೆ ನಂಬರಿನ ಮುಂದೆ 'ಪಿ.ಪಿ.' ಎಂದು ಬರೆದಿರುತ್ತಿತ್ತು. ಅದು ನಮ್ಮದಲ್ಲ, ನೆರೆಮನೆಯವರ ಫೋನು ಎಂದರ್ಥ. ನಮ್ಮ ಓಣಿಯಲ್ಲಿ ಗಲ್ಫಿನವರ ಮನೆಯೊಂದರಲ್ಲಿ ಫೋನಿತ್ತು. ನಾನು ರಾತ್ರಿ ಹನ್ನೊಂದಕ್ಕೆ ಹುಬ್ಬಳ್ಳಿಯಿಂದ ಮಾಡಿದರೆ ಆ ಮನೆಯ ಉಮ್ಮ ಬ್ಯಾಟರಿ ಹಿಡಿದು ನಮ್ಮ ಮನೆಗೆ ನಡೆದು ಬಂದು ಕರೆಯುತ್ತಿದ್ದರು. ನಾನು ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಬೇಕು. ಮಳೆಯಲ್ಲೂ ಅವರು ಬಂದಿದ್ದಾರೆ. ಒಂದು ಫೋನನ್ನು ಇಡೀ ಓಣಿ ಬಳಸಿತು. ಬೈದದ್ದು ನನಗೆ ನೆನಪಿಲ್ಲ.

ಮೀನು ಲಾರಿಗೆ ಮೊದಲು ಬಂತು

1995ರ ಜುಲೈ 31ರಂದು ಕಲ್ಕತ್ತಾದಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸುಖರಾಮ್ ಅವರಿಗೆ ಮಾಡಿದ ಕರೆಯೊಂದಿಗೆ ದೇಶದಲ್ಲಿ ಮೊಬೈಲ್ ಶುರುವಾಯಿತು. ನಮ್ಮ ಕರಾವಳಿಗೆ ಅದು ದಕ್ಷಿಣದಿಂದ ಹತ್ತಿ ಬಂತು: 1997ರಲ್ಲಿ ಕೋಝಿಕ್ಕೋಡ್, 1998ರಲ್ಲಿ ಕಣ್ಣೂರು, 2000ದಲ್ಲಿ ಕಾಸರಗೋಡು. ಈ ಮೂರು ಜಿಲ್ಲೆಗಳ ಬೂತಾಯಿ ಮಾರಾಟವನ್ನು ರಾಬರ್ಟ್ ಜೆನ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಕೂತು ಲೆಕ್ಕ ಹಾಕಿ 2007ರಲ್ಲಿ ಪ್ರಕಟಿಸಿದರು. ಮೊಬೈಲ್ ಬರುವ ಮೊದಲು ಒಂದು ಕಡಪ್ಪುರದಲ್ಲಿ ಕೊಳ್ಳುವವರಿಲ್ಲದೆ ಮೀನು ಎಸೆಯುವಾಗ ಸ್ವಲ್ಪ ದೂರದ ಇನ್ನೊಂದು ಕಡೆ ಮೀನಿಲ್ಲದೆ ಜನ ವಾಪಸು ಹೋಗುತ್ತಿದ್ದರು. ಹಿಡಿದದ್ದರಲ್ಲಿ ನೂರಕ್ಕೆ ಐದರಿಂದ ಎಂಟು ಪಾಲು ಹಾಗೆ ಹಾಳಾಗುತ್ತಿತ್ತು. ಮೊಬೈಲ್ ಬಂದ ಮೇಲೆ ಹಾಳಾಗುವುದು ನಿಂತೇಹೋಯಿತು, ದೋಣಿಯವರ ಲಾಭ ಏರಿತು, ಮೀನಿನ ಬೆಲೆಯೂ ಸ್ವಲ್ಪ ಇಳಿಯಿತು ಎಂದು ಅವರು ತೋರಿಸಿದರು.

ಮೀನು ಲಾರಿಯಲ್ಲಿ ಇದ್ದವರಿಗೆ ಇದು ಪುಸ್ತಕ ಓದದೆಯೇ ಗೊತ್ತಿತ್ತು. ಮಂಗಳೂರು ಧಕ್ಕೆಯಲ್ಲಿ ಐಸ್ ಹಾಕಿ ಹೊರಟ ಲಾರಿ ಮೊದಲು ಕಣ್ಣುಮುಚ್ಚಿ ಒಂದೇ ಮಾರ್ಕೆಟ್ಟಿಗೆ ಓಡುತ್ತಿತ್ತು. ಮೊಬೈಲ್ ಬಂದ ಮೇಲೆ ಪಯ್ಯನ್ನೂರು ದಾಟುವಾಗ ಫೋನ್ ಬರುತ್ತದೆ: "ಅಲ್ಲಿ ಬೇಡ, ತಲಶ್ಶೇರಿಗೆ ಹೋಗು." ಒಂದು ಲಾರಿಗೆ ಒಂದು ಫೋನು, ಅದೂ ಯಜಮಾನರದ್ದು. ಅದೇ ಫೋನಿನಿಂದ ಹಿಂದಿನ ಲಾರಿಯವನ ಹೆಂಡತಿಗೂ "ಸುಖವಾಗಿ ತಲುಪಿದ" ಎಂದು ಹೇಳಿದ್ದೇವೆ.

ರೋಮಿಂಗಿನ ಕಾಲ

ಫೋನ್ ಕಂಪೆನಿಗಳು ದೇಶವನ್ನು ಸರ್ಕಲ್‌ಗಳಾಗಿ ಹಂಚಿಕೊಂಡವು. ಕರ್ನಾಟಕ ಒಂದು, ಕೇರಳ ಒಂದು. 1956ರ ಗಡಿ ಈಗ ಕಿಸೆಯ ಒಳಗೆ ಬಂತು. ತಲಪಾಡಿ ದಾಟಿದರೆ ಪಕ್ಕದ ಮನೆಯೂ ಹೊರರಾಜ್ಯ. 2003ರ ಮೇ ತಿಂಗಳಿನಿಂದ ಸರ್ಕಲ್‌ನ ಒಳಗೆ ಬರುವ ಕರೆ ಉಚಿತವಾಯಿತು. ಆದರೆ ರೋಮಿಂಗ್‌ನಲ್ಲಿ ಬಂದ ಕರೆಗೂ ದುಡ್ಡು ಹೋಗುತ್ತಿತ್ತು. ಕುಂಜತ್ತೂರಿನಲ್ಲಿ ಮನೆಯ ಹಿಂದೆ ನಿಂತರೆ ಕರ್ನಾಟಕದ ಟವರ್, ಮುಂದೆ ನಿಂತರೆ ಕೇರಳದ ಟವರ್ ಎನ್ನುವ ಸ್ಥಿತಿ. ಸೆಟ್ಟಿಂಗಿಗೆ ಹೋಗಿ ನೆಟ್‌ವರ್ಕ್ ಕೈಯಾರೆ ಆರಿಸುವುದನ್ನು ನಮ್ಮ ಹೆಂಗಸರು ಕೂಡ ಕಲಿತದ್ದು ಈ ಗಡಿಯ ದೆಸೆಯಿಂದ.

ಲಾರಿಯವರು ಎರಡು ಸಿಮ್ ಇಟ್ಟುಕೊಂಡರು, ಮಿಸ್ಡ್ ಕಾಲಿನ ಭಾಷೆ ಮಾಡಿಕೊಂಡರು. ಒಂದು ರಿಂಗ್ ಎಂದರೆ ತಲಪಾಡಿ ದಾಟಿದೆ, ಎರಡು ರಿಂಗ್ ಎಂದರೆ ಲೋಡ್ ಇಳಿಯಿತು, ಬಿಡದೆ ರಿಂಗ್ ಮಾಡಿದರೆ ತೆಗೆಯಬೇಕು. ಬೆಂಗಳೂರು ದಾರಿಯಲ್ಲಿ ಗುಂಡ್ಯ ಬಂದರೆ ಒಂದು ರಿಂಗ್. ಅಲ್ಲಿಂದ ಶಿರಾಡಿ ಘಾಟಿಯ ತಿರುವುಗಳಲ್ಲಿ ಸಿಗ್ನಲ್ ಇಲ್ಲ. ಸಕಲೇಶಪುರದಿಂದ ಮತ್ತೊಂದು ರಿಂಗ್ ಬರುವವರೆಗೆ ಮನೆಯವರು ಮಲಗುತ್ತಿರಲಿಲ್ಲ.

ನಾನು ಕೊಡದ ಹಾಟ್‌ಸ್ಪಾಟ್

ವೈಫೈ ಎಂಬ ಹೆಸರು ಬಂದದ್ದು 1999ರಲ್ಲಿ. ಅದು ಬಳಸುವ 2.4 ಗಿಗಾಹರ್ಟ್ಸ್ ತರಂಗವನ್ನು ಲೈಸೆನ್ಸ್ ಇಲ್ಲದೆ ಬಯಲಿನಲ್ಲೂ ಬಳಸಬಹುದು ಎಂದು ನಮ್ಮ ಸರ್ಕಾರ ಹೇಳಿದ್ದು 2005ರಲ್ಲಿ. 2010ರಲ್ಲಿ ಆಂಡ್ರಾಯ್ಡ್ ಫೋನಿನ ಒಳಗೇ ಹಾಟ್‌ಸ್ಪಾಟ್ ಬಂತು. ಫೋನು ಟವರಿನಿಂದ ನೆಟ್ ಪಡೆದು ತಾನೇ ಒಂದು ಸಣ್ಣ ವೈಫೈ ಟವರ್ ಆಗುತ್ತದೆ. ಹತ್ತಿಪ್ಪತ್ತು ಮೀಟರ್ ಸುತ್ತಿನಲ್ಲಿರುವವರು ಪಾಸ್‌ವರ್ಡ್ ಹಾಕಿ ಸೇರಬಹುದು. ಲಾರಿಯ ತಗಡು ಅಡ್ಡ ಬಂದರೆ ಅಷ್ಟೂ ಇಲ್ಲ. ಬ್ಯಾಟರಿ ಬೇಗ ಇಳಿಯುತ್ತದೆ, ಫೋನು ಬಿಸಿಯಾಗುತ್ತದೆ.

ಆಗ ಡೇಟಾ ಚಿನ್ನದ ಹಾಗೆ. ತಿಂಗಳಿಗೆ ಒಂದು ಜಿಬಿ ಹಾಕಿಸಿಕೊಂಡರೆ ಎಣಿಸಿ ಎಣಿಸಿ ಖರ್ಚು. ಹಲವು ಪ್ಯಾಕ್‌ಗಳು ಗಡಿ ದಾಟಿದರೆ ನಡೆಯುತ್ತಲೂ ಇರಲಿಲ್ಲ. 2014ರಲ್ಲಿ ನನ್ನ ಲಾರಿಯಲ್ಲಿದ್ದ ಕ್ಲೀನರ್ ಹುಡುಗನಿಗೆ ಊರಿನಲ್ಲಿ ಮಗು ಹುಟ್ಟಿತು. ಫೋಟೋ ಬಂದಿದೆ, ಐದು ನಿಮಿಷ ನೆಟ್ ಬಿಡಿ ಇಚ್ಚ ಎಂದ. ಡೇಟಾ ಮುಗಿದರೆ ಯಜಮಾನರ ಮೆಸೇಜ್ ಬರುವುದಿಲ್ಲ, ನಾಳೆ ನೋಡೋಣ ಎಂದೆ. ಅವನು ಏನೂ ಹೇಳಲಿಲ್ಲ. ಟಾರ್ಪಾಲಿನ ಹಗ್ಗ ಬಿಗಿಯಲು ಹೋದ. ಫೋಟೋ ನೋಡಿದ್ದು ಮೂರನೇ ದಿನ, ಮಂಗಳೂರು ಮುಟ್ಟಿದ ಮೇಲೆ. ಚೆಕ್‌ಪೋಸ್ಟಿನಲ್ಲಿ ಹೊನ್ನಾವರದವನು ಪುಕ್ಕಟೆ ಹೊತ್ತು ತಂದ ಸುದ್ದಿಯ ಮನೆಯವನು ನಾನು. ಆದರೂ ಆ ದಿನ ಎಂಬಿಯ ಲೆಕ್ಕ ಹಾಕಿದೆ.

ಮರುವರ್ಷದಿಂದ ಲೆಕ್ಕ ಬದಲಾಗತೊಡಗಿತು. 2015ರ ಜೂನಿನಲ್ಲಿ ಬಿಎಸ್‌ಎನ್‌ಎಲ್ ರೋಮಿಂಗ್‌ನಲ್ಲಿ ಬರುವ ಕರೆಗಳನ್ನು ಉಚಿತ ಮಾಡಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದು ಕೆಲವು ತಿಂಗಳು ಡೇಟಾವನ್ನು ಪುಕ್ಕಟೆ ಕೊಟ್ಟಿತು. ದೇಶದೊಳಗೆ ರೋಮಿಂಗ್ ಎಂಬುದೇ ಇಲ್ಲ ಎಂದಿತು. ಉಳಿದ ಕಂಪೆನಿಗಳೂ ಅದೇ ದಾರಿಗೆ ಬಂದವು. ತಲಪಾಡಿಯ ಗಡಿ ಕಿಸೆಯಿಂದ ಹೊರಗೆ ಹೋಯಿತು.

ನಮ್ಮ ಭಾಷೆಗೂ ಆಗಲೇ ಒಂದು ಒಳ್ಳೆಯದಾಯಿತು. ನಮ್ಮ ಮನೆಯಲ್ಲಿ ನಾನು ಕನ್ನಡ ಮೀಡಿಯಂ, ತಮ್ಮ ಮಲಯಾಳಂ ಮೀಡಿಯಂ, ಉಮ್ಮ ಮದ್ರಸಾದಲ್ಲಿ ಅರಬಿ-ಮಲಯಾಳಂ ಕಲಿತವರು. ಮೂವರ ಮಾತು ಬ್ಯಾರಿ, ಬರವಣಿಗೆ ಮೂರು ಲಿಪಿ. ಕಾಗದ ಬರೆದರೆ ಒಬ್ಬರದ್ದು ಇನ್ನೊಬ್ಬರಿಗೆ ಓದಲು ಬಾರದು. ವಾಟ್ಸಾಪಿನಲ್ಲಿ ಧ್ವನಿ ಕಳಿಸುವುದು ಬಂದ ಮೇಲೆ ಉಮ್ಮ ಒಲೆಯ ಮುಂದೆ ಕೂತು ಬ್ಯಾರಿಯಲ್ಲೇ ಬೈದು ಕಳಿಸಿದರು, ನಾನು ಹುಬ್ಬಳ್ಳಿಯಲ್ಲಿ ಕೇಳಿದೆ. ಗಲ್ಫಿನವರು ಹಿಂದೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳಿಸುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಇದು ಅದರ ಮೊಮ್ಮಗು.

ರೋ-ರೋ ರೈಲಿನ ಮೇಲೆ

ಕೊಂಕಣ ರೈಲ್ವೆಯವರು 1999ರಲ್ಲಿ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿಕೊಂಡು ಹೋಗುವ ರೋ-ರೋ ಶುರು ಮಾಡಿದರು. ಸುರತ್ಕಲ್‌ನಲ್ಲಿ ಹತ್ತಿಸಿದರೆ ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಇಳಿಸುತ್ತಾರೆ. ಸುಮಾರು 720 ಕಿ.ಮೀ., ಹೆಚ್ಚುಕಡಿಮೆ ಒಂದು ದಿನದ ಪ್ರಯಾಣ. ಡೀಸೆಲ್ ಉಳಿಯುತ್ತದೆ, ಟೈರ್ ಉಳಿಯುತ್ತದೆ, ಘಾಟಿಯ ಭಯವಿಲ್ಲ. ಡ್ರೈವರ್ ತನ್ನ ಲಾರಿಯ ಕ್ಯಾಬಿನ್ನಿನಲ್ಲೇ ಕೂತಿರಬೇಕು. ಲಾರಿಯವನಿಗೆ ಕೈಗೆ ಸ್ಟೇರಿಂಗ್ ಇಲ್ಲದ ಒಂದೇ ಹಗಲು ಅದು. ಹಾಗಾಗಿ ಎಲ್ಲರೂ ಫೋನ್ ಹಿಡಿಯುತ್ತಾರೆ. ಆದರೆ ಆ ಹಾದಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳು. ಒಂದು ಕಂಪೆನಿಯ ಸಿಗ್ನಲ್ ಇರುವಲ್ಲಿ ಇನ್ನೊಂದರದ್ದು ಇಲ್ಲ. ಯಾರ ಸಿಮ್ಮೂ ಇಡೀ ದಾರಿಗೆ ಸಾಲದು. ಹಾಟ್‌ಸ್ಪಾಟ್ ಹಂಚಿಕೊಂಡರೆ ಮಾತ್ರ ಒಬ್ಬನ ಕತ್ತಲು ಇನ್ನೊಬ್ಬನ ಬೆಳಕಿನಿಂದ ತುಂಬುತ್ತದೆ.

2018ರಲ್ಲಿ ನಾನು ಆ ರೈಲಿನಲ್ಲಿ ಒಬ್ಬನೇ ಇದ್ದೆ. ಬೆಳಿಗ್ಗೆ ಕುಡಾಳದ ಬಳಿ ತಮ್ಮನ ಫೋನ್ ಬಂತು. ಉಪ್ಪ ಹೋದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಇಳಿದು ಓಡಿದರೂ ಸಂಜೆಗೆ ಊರು ಮುಟ್ಟುವಂತಿಲ್ಲ, ಲಾರಿಯನ್ನು ರೈಲಿನ ಮೇಲೆ ಬಿಟ್ಟು ಹೋಗುವಂತೆಯೂ ಇಲ್ಲ. ಅಸರ್ ನಂತರ ದಫನ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ನನ್ನ ಸಿಮ್ಮಿನ ಸಿಗ್ನಲ್ ಹೋಯಿತು, ಬರಲೇ ಇಲ್ಲ.

ಹಿಂದಿನ ವ್ಯಾಗನ್ನಿನಲ್ಲಿದ್ದವನು ನಾಮಕ್ಕಲ್‌ನ ಹುಡುಗ. ಎದುರು ಗಾಡಿಗೆ ದಾರಿ ಬಿಡಲು ನಮ್ಮ ರೈಲು ನಿಂತಾಗ ಹೋಗಿ ಕೇಳಿದೆ. ನನ್ನ ಮುಖ ನೋಡಿ ಅವನು ಬೇರೇನೂ ಕೇಳಲಿಲ್ಲ. ಪಾಸ್‌ವರ್ಡ್ ಕೊಟ್ಟ. ಅವನ ನೆಟ್ ನನ್ನ ಕ್ಯಾಬಿನ್ನಿಗೆ ಒಂದೇ ಗೆರೆ ಬರುತ್ತಿತ್ತು. ಅದನ್ನು ನೋಡಿ ಮುಂದಿನ ನಿಲುಗಡೆಯಲ್ಲಿ ತನ್ನ ಕ್ಯಾಬಿನ್ನಿಗೆ ಬೀಗ ಹಾಕಿ, ಫೋನೂ ಪವರ್ ಬ್ಯಾಂಕೂ ಹಿಡಿದು ನನ್ನ ಪಕ್ಕಕ್ಕೆ ಬಂದು ಕೂತ.

ಮಯ್ಯತ್ತಿನ ವಿಡಿಯೋ ಮಾಡುವುದು ನಮ್ಮ ಹಿರಿಯರಿಗೆ ಇಷ್ಟವಿಲ್ಲ. ಅಳಿಯ ಉಸ್ತಾದರನ್ನು ಕೇಳಿ, ಕಬರಸ್ತಾನದ ಗೋಡೆಯ ಹತ್ತಿರ ದೂರ ನಿಂತು, ಜನರ ಬೆನ್ನು ಮಾತ್ರ ಕಾಣುವ ಹಾಗೆ ಫೋನ್ ಹಿಡಿದ. ಕಬರಿಗೆ ಇಳಿಸುವಾಗ ನೆಟ್ ಇತ್ತು. ಮಣ್ಣು ಹಾಕಲು ಶುರು ಮಾಡುವಾಗ ರತ್ನಾಗಿರಿ ದಾಟಿದ ನಮ್ಮ ರೈಲು ಕರ್ಬುಡೆ ಸುರಂಗ ಹೊಕ್ಕಿತು. ಅದು ಆ ಹಾದಿಯ ಅತಿ ಉದ್ದದ ಸುರಂಗ, ಆರೂವರೆ ಕಿ.ಮೀ. ಕತ್ತಲೆಯಲ್ಲಿ ಇಬ್ಬರೂ ಮಾತಾಡದೆ ಕೂತೆವು. ಹೊರಗೆ ಬಂದಾಗ ದುಆ ನಡೆಯುತ್ತಿತ್ತು. ನಾನು ಆಮೀನ್ ಎಂದೆ. ಆ ಹುಡುಗನೂ ಕೈ ಮುಗಿದ.

ಅವನಿಗೆ ಡೇಟಾದ ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ನನಗೆ ಆಗ ನೆನಪಾದದ್ದು ನನ್ನ ಕ್ಲೀನರ್. ಕೋಲಾಡ್‌ನಲ್ಲಿ ಇಳಿದ ಮೇಲೆ ಅವನಿಗೆ ಫೋನ್ ಮಾಡಿದೆ. ಅವನಿಗೆ ಆ ವಿಷಯ ಮರೆತೇ ಹೋಗಿತ್ತು, ಅಥವಾ ಮರೆತ ಹಾಗೆ ಹೇಳಿದ.

ಮಣ್ಣು ಹಾಕಿದ ದಾರಿ

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಕೆಲವೇ ದಿನಗಳಲ್ಲಿ ಕಾಸರಗೋಡಿನಿಂದ ದಕ್ಷಿಣ ಕನ್ನಡಕ್ಕೆ ಹೋಗುವ ಒಳರಸ್ತೆಗಳಿಗೆ ಮಣ್ಣು ಸುರಿದದ್ದು, ತಲಪಾಡಿಯಲ್ಲಿ ಆಂಬ್ಯುಲೆನ್ಸ್‌ಗಳು ನಿಂತದ್ದು, ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ನಮ್ಮ ಕಡೆಯ ರೋಗಿಗಳು ತೀರಿಕೊಂಡದ್ದು ಯಾರೂ ಮರೆತಿಲ್ಲ. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಸಬೇಕೆಂದಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಅಗತ್ಯ ಸರಕಿನ ಲಾರಿಗಳಿಗೆ ಮಾತ್ರ ದಾರಿ ಇತ್ತು. ಆದರೆ ಹೋಟೆಲ್ ಇಲ್ಲ, ಚಹಾ ಇಲ್ಲ. ಯಾವ ಊರಿನಲ್ಲಿ ಊಟ ಸಿಗುತ್ತದೆ, ಎಲ್ಲಿ ಪಾಸ್ ಕೇಳುತ್ತಾರೆ ಎಂಬುದು ವಾಟ್ಸಾಪ್ ಗುಂಪುಗಳಲ್ಲಿ ಒಬ್ಬರಿಂದೊಬ್ಬರಿಗೆ ಹೋಯಿತು. ನೆಟ್ ಇಲ್ಲದವನಿಗೆ ಇದ್ದವನು ಹಾಟ್‌ಸ್ಪಾಟ್ ಬಿಟ್ಟ. ಮಂಜೇಶ್ವರದ ಸಾಲಿನಲ್ಲಿ ಚಿಕ್ಕಪ್ಪ ಮಾಡಿದ್ದೇ ಮತ್ತೆ ನಡೆಯಿತು.

ಜೂನಿನಲ್ಲಿ ಆನ್‌ಲೈನ್ ಕ್ಲಾಸ್ ಶುರುವಾದಾಗ ಇನ್ನೊಂದು ಕಷ್ಟ. ಎಷ್ಟೋ ಮನೆಗಳಲ್ಲಿ ಇದ್ದ ಒಂದೇ ಒಳ್ಳೆಯ ಫೋನು ಡ್ರೈವರನ ಕೈಯಲ್ಲಿ. ಲಾರಿ ಹೊರಟರೆ ಕ್ಲಾಸೂ ಹೊರಟುಹೋಯಿತು. ನಾನು ಒಳ್ಳೆಯ ಫೋನು ಮಗಳಿಗೆ ಬಿಟ್ಟು, ಸಿಮ್ಮನ್ನು ಹಳೆಯ ಗುಂಡಿ ಫೋನಿಗೆ ಹಾಕಿ, ಪರದೆ ಒಡೆದ ಇನ್ನೊಂದು ಸ್ಮಾರ್ಟ್‌ಫೋನನ್ನು ಸಿಮ್ ಇಲ್ಲದೆ ಹಿಡಿದುಕೊಂಡು ಹೋದೆ. ಸಿಮ್ ಇಲ್ಲದಿದ್ದರೂ ವೈಫೈ ಸಿಕ್ಕರೆ ಆ ಫೋನ್ ಕೆಲಸ ಮಾಡುತ್ತದೆ. ಒಂದು ವರ್ಷ ನಾನು ಬೇರೆಯವರ ಹಾಟ್‌ಸ್ಪಾಟಿನಲ್ಲೇ ಲಾರಿ ಓಡಿಸಿದೆ. ಇಲ್ಲ ಎಂದವರು ಇಬ್ಬರೋ ಮೂವರೋ.

ಈಗ

ಈಗ ನೆಟ್ ಮನೆಯ ಮಾತಿಗೆ ಮಾತ್ರವಲ್ಲ, ಲಾರಿಯ ಕೆಲಸಕ್ಕೇ ಬೇಕು. 2017ರಲ್ಲಿ ಜಿಎಸ್‌ಟಿ ಬಂದು ಮಾರಾಟ ತೆರಿಗೆಯ ಚೆಕ್‌ಪೋಸ್ಟುಗಳು ಹೋದವು; 2018ರ ಏಪ್ರಿಲಿನಿಂದ ಹೊರರಾಜ್ಯದ ಸರಕಿಗೆ ಇ-ವೇ ಬಿಲ್, 2021ರ ಫೆಬ್ರವರಿಯಿಂದ ಟೋಲಿಗೆ ಫಾಸ್ಟ್ಯಾಗ್ ಕಡ್ಡಾಯ. ಕಾಗದಗಳೆಲ್ಲ ಫೋನಿನಲ್ಲಿ. ನೆಟ್ ಇಲ್ಲದ ಡ್ರೈವರ್ ಕೈಕಟ್ಟಿ ನಿಲ್ಲಬೇಕು.

ಹಂಚುವವರಿಗೆ ಎರಡು ಮಾತು. ನಿಮ್ಮ ನೆಟ್ಟಿನಲ್ಲಿ ಬೇರೆಯವನು ಕೆಟ್ಟ ಕೆಲಸ ಮಾಡಿದರೆ ಮೊದಲು ಹುಡುಕಿ ಬರುವುದು ಸಿಮ್ಮಿನ ಹೆಸರಿನವನನ್ನು. ಆದ್ದರಿಂದ ಮುಖ ನೋಡಿ ಕೊಡಿ, ಕೆಲಸ ಮುಗಿದ ಮೇಲೆ ಪಾಸ್‌ವರ್ಡ್ ಬದಲಿಸಿ. ಪಾಸ್‌ವರ್ಡಿಗೆ ಎಂಟು ಅಕ್ಷರ ಬೇಕೆಂದು ನಮ್ಮ ಹುಡುಗರು 'ಬಿಸ್ಮಿ'ಯ ಜೊತೆ 786 ಸೇರಿಸಿ ಇಡುತ್ತಾರೆ. ಕೆಎಲ್ 14 ಲಾರಿ ಕಂಡರೆ ಯಾರು ಬೇಕಾದರೂ ಊಹಿಸಬಹುದು. ಇನ್ನೊಂದು, ಓಡಿಸುವಾಗ ಫೋನು ಕೈಯಲ್ಲಿ ಬೇಡ. 2019ರ ಕಾನೂನಿನ ದಂಡ ಹೆಚ್ಚು ಎಂದಲ್ಲ. ಹಾಟ್‌ಸ್ಪಾಟ್ ಇಲ್ಲದೆ ಉಪ್ಪ ಮೂವತ್ತು ವರ್ಷ ಲಾರಿ ಓಡಿಸಿ ಪ್ರತಿ ಸಲವೂ ಮನೆಗೆ ಬಂದಿದ್ದಾರೆ.

2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಪಿಎಂ-ವಾಣಿ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಚಹಾ ಅಂಗಡಿ, ಜಿನಸು ಅಂಗಡಿಯವರು ಕೂಡ ಲೈಸೆನ್ಸ್ ಇಲ್ಲದೆ ವೈಫೈ ಮಾರಬಹುದು. ಅಂಥ ಅಂಗಡಿಯ ಹೆಸರು 'ಪಬ್ಲಿಕ್ ಡೇಟಾ ಆಫೀಸ್'. ಹಳೆಯ ಪಿಸಿಒ ಈಗ ಪಿಡಿಒ ಆಗಿ ಬಂದಿದೆ.

ನಾನೀಗ ಹೆದ್ದಾರಿಯ ಬದಿಯಲ್ಲಿ ಒಂದು ಸಣ್ಣ ಚಹಾ ಅಂಗಡಿ ಇಟ್ಟಿದ್ದೇನೆ. ಅಂಥ ಬೋರ್ಡು ಇನ್ನೂ ಹಾಕಿಲ್ಲ. ಲಾರಿಯವರು ಬಂದು ಕೂತರೆ ನನ್ನ ಫೋನಿನ ಹಾಟ್‌ಸ್ಪಾಟ್ ಬಿಡುತ್ತೇನೆ, ಮೊದಲು ಕ್ಲೀನರನಿಗೆ. ಅದಕ್ಕೆ ನಾನಿಟ್ಟ ಹೆಸರು ಉಪ್ಪನ ಹಳೆಯ ಲಾರಿಯ ನಂಬರ್. ಹೊನ್ನಾವರ ಕಡೆಯ ಹಿರಿಯ ಡ್ರೈವರ್ ಯಾರಾದರೂ ಒಂದು ದಿನ ಆ ನಂಬರ್ ನೋಡಿ ಗುರುತು ಹಿಡಿದಾರು ಎಂಬ ಆಸೆ. ಅವರಿಗೆ ಒಂದು ಚಹಾ ಬಾಕಿ ಇದೆ.